ಹಿಟ್ಟು ಸಿಡಿಯುತ್ತದೆಯೇ? ಮಿಸಿಸಿಪ್ಪಿ ದಡದ ಒಂದು ಗಿರಣಿಯ ಕಥೆ

ಪ್ರಶ್ನೆ: ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಬರುವ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗುತ್ತಿದ್ದೇವೆ. ಮಿಸಿಸಿಪ್ಪಿ ನದಿ ದಡದಲ್ಲಿ ಬರೀ ಗೋಡೆಗಳು ಉಳಿದಿರುವ ಒಂದು ಹಿಟ್ಟಿನ ಗಿರಣಿಯ ಫೋಟೊ ಕಳಿಸಿದ್ದಳು. ‘ಇಲ್ಲಿ ಹಿಟ್ಟು ಸಿಡಿದು 18 ಜನ ಸತ್ತಿದ್ದರಂತೆ’ ಅಂತ ಬರೆದಿದ್ದಳು. ಹಿಟ್ಟಿನ ಡಬ್ಬ ಒಲೆ ಪಕ್ಕದಲ್ಲೇ ಇರುತ್ತದೆ, ಅದು ಎಂದೂ ಸಿಡಿದದ್ದು ನೋಡಿಲ್ಲ. ಇದು ನಿಜವೇ? ಅಷ್ಟು ದೊಡ್ಡ ಗಿರಣಿ ಅಲ್ಲೇ ಯಾಕೆ ಬಂತು, ಆಮೇಲೆ ಯಾಕೆ ಹಾಳಾಯಿತು?

ಉತ್ತರ: ನಿಜ. ಅದು ವಾಶ್‌ಬರ್ನ್ ‘ಎ’ ಮಿಲ್. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫೋಟೊದಲ್ಲಿ ಕಾಣುವ ಗೋಡೆಗಳು ಸಿಡಿದ ಗಿರಣಿಯವಲ್ಲ. ಸಿಡಿದದ್ದು 1874ರಲ್ಲಿ ಕಟ್ಟಿದ ಗಿರಣಿ. ಅದು 1878ರಲ್ಲಿ ನೆಲಸಮವಾಯಿತು. ಅದೇ ಜಾಗದಲ್ಲಿ 1880ರಲ್ಲಿ ಇನ್ನೊಂದು ಎದ್ದು ನಿಂತಿತು. ಅದು 85 ವರ್ಷ ಓಡಿತು, 1965ರಲ್ಲಿ ನಿಂತಿತು, 1991ರಲ್ಲಿ ಬೆಂಕಿ ಬಿದ್ದು ಸುಟ್ಟಿತು. ನೀವು ನೋಡಲು ಹೊರಟಿರುವುದು ಈ ಎರಡನೆಯದನ್ನು.

ನಾನು ಹಿಟ್ಟಿನ ಗಿರಣಿಗಳ ಯಂತ್ರದ ಕೆಲಸ ಮಾಡಿಕೊಂಡು ಬಂದವನು. ನಮ್ಮ ಕೆಲಸದವರಿಗೆ ಈ ಗಿರಣಿಯ ಹೆಸರು ಚೆನ್ನಾಗಿ ಗೊತ್ತು. ಆದರೆ ಇದನ್ನು ಬರೀ ಒಂದು ಅಪಘಾತದ ಕಥೆಯಾಗಿ ಹೇಳಿದರೆ ನನಗೆ ಸಮಾಧಾನವಿಲ್ಲ. ಆ ಊರನ್ನು ಶ್ರೀಮಂತ ಮಾಡಿದ್ದೂ ಗಾಳಿ, ಆ ಗಿರಣಿಯನ್ನು ಹಾರಿಸಿದ್ದೂ ಗಾಳಿ. ಅದು ಹೇಗೆ ಅಂತ ಹೇಳಬೇಕಾದರೆ ನದಿಯಿಂದ ಶುರು ಮಾಡಬೇಕು.

ಮಿಸಿಸಿಪ್ಪಿ ಉದ್ದಕ್ಕೂ ದೊಡ್ಡ ಜಲಪಾತ ಅಂತ ಇರುವುದು ಒಂದೇ. ಅದು ಮಿನಿಯಾಪೊಲಿಸ್‌ನಲ್ಲಿದೆ. ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರಿಗೆ ಅದು ಪವಿತ್ರ ಜಾಗ, ಅವರು ಅದನ್ನು ಓವಾಮ್ನಿಯೋಮ್ನಿ ಎನ್ನುತ್ತಾರೆ. 1680ರಲ್ಲಿ ಅಲ್ಲಿಗೆ ಬಂದ ಲೂಯಿ ಹೆನ್ನೆಪಿನ್ ಎಂಬ ಪಾದ್ರಿ ಸೇಂಟ್ ಆಂಟನಿ ಜಲಪಾತ ಅಂತ ಹೆಸರಿಟ್ಟ. ನಕ್ಷೆಯಲ್ಲಿ ಆ ಹೆಸರೇ ಉಳಿಯಿತು. 1820ರ ದಶಕದಲ್ಲೇ ಹತ್ತಿರದ ಕೋಟೆಯ ಸೈನಿಕರು ಅಲ್ಲಿ ಮರ ಕೊಯ್ಯಲು, ಹಿಟ್ಟು ಬೀಸಲು ಗಿರಣಿ ಹಾಕಿಕೊಂಡಿದ್ದರು.

ನದಿ ಪಕ್ಕ ಗಿರಣಿ ಯಾಕೆ ಅಂದರೆ, ಆಗ ನೀರೇ ಎಂಜಿನ್. ಜಲಪಾತದ ಮೇಲ್ಗಡೆ ನದಿಗೆ ಅಡ್ಡ ಕಟ್ಟಿ, ನೀರನ್ನು ದಡದ ಗುಂಟ ಒಂದು ಕಾಲುವೆಗೆ ತಿರುಗಿಸಿದರು. ಗಿರಣಿಗಳು ಆ ಕಾಲುವೆಯ ಪಕ್ಕದಲ್ಲಿ ಸಾಲಾಗಿ ನಿಂತವು. ಪ್ರತಿ ಗಿರಣಿಯ ಕೆಳಗೂ ಬಾವಿಯಂಥ ಗುಂಡಿ. ನೀರು ಅದರೊಳಗೆ ಧುಮುಕಿ ತಳದಲ್ಲಿದ್ದ ಟರ್ಬೈನ್ ತಿರುಗಿಸುತ್ತಿತ್ತು. ಆಮೇಲೆ ಸುರಂಗದ ಮೂಲಕ ಹೊರಗೆ ಹೋಗಿ ಮತ್ತೆ ನದಿ ಸೇರುತ್ತಿತ್ತು. ಟರ್ಬೈನಿನಿಂದ ಶಾಫ್ಟು, ಶಾಫ್ಟಿನಿಂದ ಬೆಲ್ಟು, ಬೆಲ್ಟಿನಿಂದ ಅಂತಸ್ತು ಅಂತಸ್ತಿನ ಯಂತ್ರಗಳು. ಈ ಬಲವನ್ನು ದೂರಕ್ಕೆ ಸಾಗಿಸಲು ಆಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ನೀರಿನ ಹತ್ತಿರವೇ, ಒಬ್ಬರಿಗೊಬ್ಬರು ಒತ್ತಿಕೊಂಡು ಗಿರಣಿ ಕಟ್ಟಿದರು. ಈ ಒತ್ತೊತ್ತು ಮುಂದೆ ಬಹಳ ದುಬಾರಿಯಾಯಿತು.

ಜಲಪಾತವೂ ಗಟ್ಟಿಯಾಗಿರಲಿಲ್ಲ. ಮೇಲೆ ಸುಣ್ಣಕಲ್ಲಿನ ಒಂದು ಹಾಸು, ಅದರ ಕೆಳಗೆ ಕೈಯಲ್ಲಿ ಕೆರೆದರೆ ಉದುರುವಂಥ ಮರಳುಕಲ್ಲು. 1869ರಲ್ಲಿ ಆ ಮರಳುಕಲ್ಲಿನಲ್ಲಿ ಕೊರೆಯುತ್ತಿದ್ದ ಸುರಂಗಕ್ಕೆ ನದಿಯೇ ನುಗ್ಗಿತು. ಜಲಪಾತ ಪೂರ್ತಿ ಕುಸಿದುಹೋಗುತ್ತದೇನೋ ಅಂತ ಊರಿಗೆ ಊರೇ ಹೆದರಿತು. ಸೇನೆಯ ಎಂಜಿನಿಯರುಗಳು ನೆಲದಡಿ ಕಾಂಕ್ರೀಟ್ ಗೋಡೆ ಹಾಕಿ, ಮೇಲೆ ಇಳಿಜಾರು ಹಾಸು ಕಟ್ಟಿ ಉಳಿಸಿಕೊಂಡರು. ನೀವು ಈಗ ಹೋದರೆ ಕಾಣುವುದು ಆ ಕಟ್ಟಿದ ಇಳಿಜಾರಿನ ಇಂದಿನ ರೂಪ. ಕಾಡು ಜಲಪಾತವನ್ನು ಹುಡುಕಬೇಡಿ, ಸಿಗುವುದಿಲ್ಲ.

ಇಲ್ಲಿ ಬಂದವನು ಕ್ಯಾಡ್ವಾಲಡರ್ ವಾಶ್‌ಬರ್ನ್. ಹುಟ್ಟಿದ್ದು ಮೇನ್ ರಾಜ್ಯದಲ್ಲಿ, ಮನೆ ಮಾಡಿದ್ದು ವಿಸ್ಕಾನ್ಸಿನ್‌ನಲ್ಲಿ. ಅಂತರ್ಯುದ್ಧದಲ್ಲಿ ಜನರಲ್, ಆಮೇಲೆ ವಿಸ್ಕಾನ್ಸಿನ್ ಗವರ್ನರ್. ಜಲಪಾತದ ಪಶ್ಚಿಮ ದಡದ ನೀರಿನ ಹಕ್ಕಿದ್ದ ಕಂಪನಿಯಲ್ಲಿ ಇವನ ಪಾಲು ಇತ್ತು. 1866ರಲ್ಲಿ ಮೊದಲ ಗಿರಣಿ ಕಟ್ಟಿದಾಗ ಜನ ಅದನ್ನು ‘ವಾಶ್‌ಬರ್ನನ ಹುಚ್ಚು’ ಅಂದರು. ಇಷ್ಟು ಹಿಟ್ಟನ್ನು ಯಾರು ಕೊಳ್ಳುತ್ತಾರೆ ಅನ್ನುವುದು ಅವರ ಪ್ರಶ್ನೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾಕೆಂದರೆ ಆ ಸೀಮೆಯ ಗೋಧಿಯಲ್ಲೇ ಒಂದು ತೊಂದರೆ ಇತ್ತು.

ಒಂದು ಗೋಧಿ ಕಾಳನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಹೊರಗೆ ಕಂದು ಸಿಪ್ಪೆ, ಅದೇ ಬೂಸಾ. ಒಂದು ತುದಿಯಲ್ಲಿ ಚಿಕ್ಕ ಮೊಳಕೆ. ಉಳಿದದ್ದೆಲ್ಲ ಬಿಳಿ ತಿರುಳು, ಕಾಳಿನ ತೂಕದಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಅದೇ. ಗಿರಣಿಯವನ ಕೆಲಸವೆಲ್ಲ ಇಷ್ಟೇ: ತಿರುಳಿನಿಂದ ಸಿಪ್ಪೆ ಬಿಡಿಸುವುದು. ಕೇಳಲು ಸುಲಭ. ಆದರೆ ಕಾಳಿನ ಮಧ್ಯೆ ಒಂದು ಗೀರು ಒಳಕ್ಕೆ ಹೋಗಿರುತ್ತದೆ, ನೋಡಿದ್ದೀರಲ್ವಾ? ಸಿಪ್ಪೆ ಅದರೊಳಗೂ ಮಡಚಿಕೊಂಡಿರುತ್ತದೆ. ಅಕ್ಕಿಯ ಹಾಗೆ ಹೊರಗಿನಿಂದ ತಿಕ್ಕಿ ತೆಗೆಯಲು ಬರುವುದಿಲ್ಲ. ಒಡೆದೇ ಬಿಡಿಸಬೇಕು.

ಮಿನಿಯಾಪೊಲಿಸ್ ಇರುವ ಮಿನೆಸೋಟ ರಾಜ್ಯ, ಅದರ ಪಕ್ಕದ ಡಕೋಟಾ ಸೀಮೆ, ಈ ಕಡೆಯೆಲ್ಲ ಚಳಿ ಕಠೋರ. ಅಲ್ಲಿ ವಸಂತದಲ್ಲಿ ಬಿತ್ತಿ ಬೇಸಿಗೆಯ ಕೊನೆಗೆ ಕೊಯ್ಯುವ ಗೋಧಿಯೇ ಬೆಳೆಯುತ್ತಿತ್ತು. ಅದರ ಕಾಳು ಗಟ್ಟಿ, ಸಿಪ್ಪೆ ಪೆಡಸು. ಬೀಸುಕಲ್ಲಿಗೆ ಹಾಕಿದರೆ ಸಿಪ್ಪೆ ಪುಡಿಪುಡಿಯಾಗಿ ಹಿಟ್ಟಿನಲ್ಲಿ ಬೆರೆತುಬಿಡುತ್ತಿತ್ತು. ಹಿಟ್ಟು ಕಪ್ಪಾಗಿ, ಚುಕ್ಕೆ ಚುಕ್ಕೆಯಾಗಿ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ಕಡಿಮೆ ಬೆಲೆ. ಬೇರೆ ಸೀಮೆಗಳಲ್ಲಿ ಶರತ್ಕಾಲದಲ್ಲಿ ಬಿತ್ತುವ ಮೆತ್ತನೆ ಗೋಧಿಯ ಹಿಟ್ಟಿಗೇ ಮರ್ಯಾದೆ. ಬೇಸರದ ಸಂಗತಿ ಏನೆಂದರೆ, ಬ್ರೆಡ್ ಚೆನ್ನಾಗಿ ಉಬ್ಬಲು ಬೇಕಾದ ಗ್ಲುಟೆನ್ ಜಾಸ್ತಿ ಇದ್ದದ್ದು ಈ ಗಟ್ಟಿ ಗೋಧಿಯಲ್ಲೇ. ಅದರಲ್ಲೂ ಸಿಪ್ಪೆಯ ಹತ್ತಿರದ ತಿರುಳಿನಲ್ಲಿ. ಆ ಭಾಗ ಕಲ್ಲಿನಿಂದ ರವೆಯಾಗಿ ಬೀಳುತ್ತಿತ್ತು, ಬೂಸಾದ ಚೂರುಗಳ ಜೊತೆ ಕಲೆತು. ಒಳ್ಳೆಯದೆಲ್ಲ ಕಸದ ಜೊತೆ ಸೇರಿದ ಹಾಗೆ.

ಇದನ್ನು ಬಿಡಿಸಿಕೊಟ್ಟವನು ಎಡ್ಮಂಡ್ ಲಾಕ್ರುವಾ ಎಂಬ ಫ್ರೆಂಚ್ ಮೂಲದ ಎಂಜಿನಿಯರ್. 1870ರ ಸುಮಾರಿಗೆ ವಾಶ್‌ಬರ್ನನ ಗಿರಣಿಯಲ್ಲಿ ಅವನು ಒಂದು ಯಂತ್ರ ಜೋಡಿಸಿದ. ಅದರ ಹೆಸರು ಪ್ಯೂರಿಫೈಯರ್. ಉದ್ದನೆಯ ಜರಡಿ, ಸದಾ ಅಲ್ಲಾಡುತ್ತಿರುತ್ತದೆ. ಅದರ ಮೇಲೆ ರವೆ ಹರಿದು ಬರುತ್ತದೆ. ಜರಡಿಯ ಕೆಳಗಿನಿಂದ ಗಾಳಿ ಮೇಲಕ್ಕೆ ನುಗ್ಗುತ್ತದೆ. ಮೊರದಲ್ಲಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವುದಿಲ್ಲವೇ, ಅದೇ ಲೆಕ್ಕ. ಹಗುರವಾದ ಬೂಸಾ ಎದ್ದು ಹಾರಿಹೋಗುತ್ತದೆ, ಭಾರದ ರವೆ ಜರಡಿಯಿಂದ ಕೆಳಗೆ ಇಳಿಯುತ್ತದೆ. ಆ ಚೊಕ್ಕ ರವೆಯನ್ನು ಮತ್ತೆ ಬೀಸಿದರೆ ಅಚ್ಚ ಬಿಳಿ ಹಿಟ್ಟು. ಓಡುತ್ತಿರುವ ಪ್ಯೂರಿಫೈಯರಿನ ಗಾಜಿನ ಕಿಂಡಿಯೊಳಗೆ ನೋಡಬೇಕು ನೀವು. ರವೆ ಕುದಿಯುತ್ತಿರುವ ಹಾಗೆ ಕಾಣುತ್ತದೆ, ಅದರ ಮೇಲೆ ಬೂಸಾ ತೇಲುತ್ತಾ ಸಾಗುತ್ತದೆ. ಇಷ್ಟು ವರ್ಷ ಆದರೂ ನನಗೆ ಅದನ್ನು ನೋಡಿ ಸಾಕಾಗಿಲ್ಲ.

ಈ ಒಂದು ಯಂತ್ರದಿಂದ ಲೆಕ್ಕವೇ ತಿರುಗಿತು. ಕೆಳದರ್ಜೆ ಅನ್ನಿಸಿಕೊಂಡಿದ್ದ ಗೋಧಿಯ ಹಿಟ್ಟು ಎಲ್ಲಕ್ಕಿಂತ ಜಾಸ್ತಿ ಬೆಲೆ ತಂದಿತು. ಆ ದುಡ್ಡಿನ ಹುರುಪಿನಲ್ಲೇ 1874ರಲ್ಲಿ ‘ಎ’ ಮಿಲ್ ಎದ್ದದ್ದು. ಏಳು ಅಂತಸ್ತಿನ ಕಲ್ಲಿನ ಕಟ್ಟಡ, ಆಗ ಅಮೆರಿಕದಲ್ಲೇ ಅತಿ ದೊಡ್ಡ ಗಿರಣಿಗಳಲ್ಲಿ ಒಂದು.

ಆದರೆ ಹಾರಿದ ಆ ಹಗುರ ಪುಡಿ ಎಲ್ಲಿಗೆ ಹೋಯಿತು? ಹಳೇ ಗಿರಣಿಗಳಲ್ಲೂ ಧೂಳು ಇತ್ತು. ಈಗ ಫ್ಯಾನ್ ಹಾಕಿ, ಹಗಲೂ ರಾತ್ರಿ ಬೇಕೆಂದೇ ಧೂಳೆಬ್ಬಿಸುವ ಯಂತ್ರಗಳು ಸಾಲುಸಾಲು. ಗಾಳಿಯನ್ನು ಕೊಳವೆಗಳಲ್ಲಿ ಎಳೆದು ‘ಧೂಳಿನ ಕೋಣೆ’ಗೆ ಬಿಡುತ್ತಿದ್ದರು, ಧೂಳು ಅಲ್ಲಿ ತಾನಾಗಿ ಕೆಳಗೆ ಕೂರಲಿ ಅಂತ. ಅದೇ ಕೊಳವೆಗಳಿಗೆ ಬೀಸುಕಲ್ಲುಗಳ ಬಿಸಿ ಗಾಳಿಯೂ ಸೇರುತ್ತಿತ್ತು. ಮುಚ್ಚಿದ ಕೋಣೆ, ಅದರ ತುಂಬ ತೇಲುವ ಹಿಟ್ಟು, ಕೊಳವೆಯ ಆ ತುದಿಯಲ್ಲಿ ಕಲ್ಲಿಗೆ ಕಲ್ಲು ಉಜ್ಜುವ ಜಾಗ. ಇವತ್ತು ಯಾವ ಎಂಜಿನಿಯರ್ ಆ ನಕ್ಷೆ ನೋಡಿದರೂ ಎದೆ ಧಸಕ್ಕೆನ್ನುತ್ತದೆ. ಅಂದು ಅವರಿಗೆ ಗೊತ್ತಿರಲಿಲ್ಲ.

1878ರ ಮೇ 2. ಸಂಜೆ 6 ಗಂಟೆಗೆ ಹಗಲು ಪಾಳಿಯವರು ಮನೆಗೆ ಹೋದರು. ರಾತ್ರಿ ಪಾಳಿಯ 14 ಜನ ಒಳಗೆ ಬಂದರು. ಒಂದು ಗಂಟೆಯ ಮೇಲೆ ಗಿರಣಿ ಸಿಡಿಯಿತು. ಚಾವಣಿ ಆಕಾಶಕ್ಕೆ ಹೋಯಿತು, ದಪ್ಪ ಕಲ್ಲಿನ ಗೋಡೆಗಳು ನಾಲ್ಕೂ ಕಡೆಗೆ ಬಿದ್ದವು. ಹಿಂದೆಯೇ ಪಕ್ಕದ ಡೈಮಂಡ್ ಮತ್ತು ಹಂಬೋಲ್ಟ್ ಗಿರಣಿಗಳೂ ಸಿಡಿದವು. ಬೆಂಕಿ ಇನ್ನೂ ಮೂರಕ್ಕೆ ಹಬ್ಬಿತು. ಸುಮಾರು 16 ಕಿಲೋಮೀಟರ್ ಆಚೆ, ಸೇಂಟ್ ಪಾಲ್ ಊರಿಗೂ ಸದ್ದು ಕೇಳಿತು. ಭೂಕಂಪ ಅಂದುಕೊಂಡವರೂ ಇದ್ದರು. ಒಳಗಿದ್ದ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಕ್ಕಪಕ್ಕದ ಗಿರಣಿಗಳಲ್ಲಿ ಇನ್ನೂ ನಾಲ್ವರು ಹೋದರು. ಒಂದು ಗಂಟೆ ಮೊದಲು ಸಿಡಿದಿದ್ದರೆ ಹಗಲು ಪಾಳಿಯವರೆಲ್ಲ ಒಳಗೇ ಇರುತ್ತಿದ್ದರು.

ಈಗ ನಿಮ್ಮ ಡಬ್ಬದ ಪ್ರಶ್ನೆ. ಡಬ್ಬದಲ್ಲಿ ಒತ್ತಾಗಿ ಕೂತ ಹಿಟ್ಟಿಗೆ ಕಡ್ಡಿ ಗೀರಿ ಇಟ್ಟರೂ ಮೇಲೆ ಸ್ವಲ್ಪ ಕರಕಲಾಗುತ್ತದೆ, ಅಷ್ಟೇ. ಒಳಗಿನ ಕಣಗಳಿಗೆ ಗಾಳಿ ಸಿಗುವುದಿಲ್ಲ. ಅದೇ ಹಿಟ್ಟು ಗಾಳಿಯಲ್ಲಿ ತೇಲುತ್ತಿದ್ದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ. ಒಂದು ಕಣ ಹೊತ್ತಿದರೆ ಪಕ್ಕದ್ದು, ಅದರ ಪಕ್ಕದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ. ಕಾದ ಗಾಳಿ ಹಿಗ್ಗುತ್ತದೆ. ಬಯಲಲ್ಲಾದರೆ ಬರೀ ಭಗ್ಗನೆ ಉರಿದು ಹೋಗುತ್ತದೆ. ಸುತ್ತ ಗೋಡೆ ಇದ್ದರೆ ಹಿಗ್ಗಲು ಜಾಗವಿಲ್ಲ, ಗೋಡೆಯೇ ಹೋಗುತ್ತದೆ.

ಗೋಧಿ ಹಿಟ್ಟಿಗೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 50 ಗ್ರಾಂ ತೇಲುತ್ತಿದ್ದರೆ ಸಾಕು. ಕಡಿಮೆ ಅನ್ನಿಸಬಹುದು. ಆದರೆ ಅಷ್ಟು ಧೂಳಿದ್ದ ಕಡೆ ಎರಡು ಮೀಟರ್ ದೂರದ ಬಲ್ಬು ಕೂಡ ಸರಿಯಾಗಿ ಕಾಣುವುದಿಲ್ಲ. ಜನ ಓಡಾಡುವ ಜಾಗದಲ್ಲಿ ಅಷ್ಟು ಇರುವುದಿಲ್ಲ. ಕೊಳವೆಯೊಳಗೆ, ಧೂಳಿನ ಕೋಣೆಯೊಳಗೆ ಇರುತ್ತದೆ. ಹಾಗಾದರೆ ಇಡೀ ಕಟ್ಟಡ ಹೋದದ್ದು ಹೇಗೆ?

ಉತ್ತರ ತೊಲೆಗಳ ಮೇಲೆ ಕೂತಿರುತ್ತದೆ. ಮೊದಲ ಸಣ್ಣ ಸ್ಫೋಟ ಕಟ್ಟಡವನ್ನು ಅಲ್ಲಾಡಿಸುತ್ತದೆ. ತೊಲೆ, ಯಂತ್ರ, ಕಿಟಕಿ ಅಂಚು, ಎಲ್ಲೆಲ್ಲೂ ಕೂತಿದ್ದ ಧೂಳು ಒಂದೇ ಸಲಕ್ಕೆ ಗಾಳಿಗೆ ಏಳುತ್ತದೆ. ಹಿಂದಿನಿಂದ ಬಂದ ಬೆಂಕಿ ಅದನ್ನು ಹೊತ್ತಿಸುತ್ತದೆ. ಕೊಲ್ಲುವುದು ಈ ಎರಡನೆಯ ಸ್ಫೋಟ. ಲೆಕ್ಕ ಹಾಕಿ ನೋಡಿ. ಐದು ಮೀಟರ್ ಎತ್ತರದ ಕೋಣೆಯ ನೆಲದಲ್ಲಿ ಬರೀ ಒಂದು ಮಿಲಿಮೀಟರ್ ಹಿಟ್ಟು ಕೂತಿದೆ ಅಂದುಕೊಳ್ಳಿ. ಚದರ ಮೀಟರಿಗೆ ಸುಮಾರು 500 ಗ್ರಾಂ ಆಯಿತು. ಅದೆಲ್ಲ ಎದ್ದರೆ ಘನ ಮೀಟರಿಗೆ 100 ಗ್ರಾಂ. ಬೇಕಾದದ್ದಕ್ಕಿಂತ ಎರಡು ಪಟ್ಟು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯ ಮೇಸ್ತ್ರಿಯೊಬ್ಬರು ನನ್ನನ್ನು ಏಣಿ ಹತ್ತಿಸಿ, ‘ತೊಲೆ ಮೇಲೆ ಬೆರಳು ಎಳಿ’ ಅಂದರು. ಎಳೆದೆ, ಗೆರೆ ಮೂಡಿತು. ‘ಗೆರೆ ಕಾಣ್ತಾ? ಹಾಗಾದ್ರೆ ಕೆಲಸ ಬಾಕಿ ಇದೆ’ ಅಂದರು. ಗಾಳಿ ಊದಿ ಶುಚಿ ಮಾಡುವುದಕ್ಕೂ ಬಿಡುತ್ತಿರಲಿಲ್ಲ. ಊದಿದರೆ ಧೂಳು ಏಳುತ್ತದೆ, ಹೀರಿ ತೆಗೆಯಬೇಕು. ಈಗಲೂ ಯಾವುದೇ ಗಿರಣಿಗೆ ಹೋದರೆ ನನ್ನ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ.

1878ರಲ್ಲಿ ಇದನ್ನು ಜನರಿಗೆ ನಂಬಿಸುವುದೇ ಕಷ್ಟವಾಗಿತ್ತು. ಮಿನೆಸೋಟ ವಿಶ್ವವಿದ್ಯಾಲಯದ ಪೆಕಮ್ ಮತ್ತು ಪೆಕ್ ಎಂಬ ಇಬ್ಬರು ಪ್ರಾಧ್ಯಾಪಕರು ಪ್ರಯೋಗ ಮಾಡಿ ತೋರಿಸಿದರು. ಒಂದು ಮರದ ಪೆಟ್ಟಿಗೆ, ಒಳಗೆ ಉರಿಯುವ ದೀಪ, ಒಂದಿಷ್ಟು ಹಿಟ್ಟು, ಊದಲು ತಿದಿ. ತಿದಿ ಒತ್ತಿ ಹಿಟ್ಟೆಬ್ಬಿಸಿದರೆ ಪೆಟ್ಟಿಗೆಯ ಮುಚ್ಚಳ ಕಿತ್ತು ಹಾರುತ್ತಿತ್ತು. ವಿಚಾರಣೆಯಲ್ಲಿ ಕಾರಣವೂ ಗೊತ್ತಾಯಿತು. ಯಾವುದೋ ಒಂದು ಜೊತೆ ಕಲ್ಲಿಗೆ ಗೋಧಿ ಬೀಳುವುದು ನಿಂತಿರಬೇಕು. ಮಧ್ಯೆ ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಎದ್ದು, ಆ ಕಿಡಿ ಕೊಳವೆಯಲ್ಲಿ ಹೋಗಿ ಧೂಳು ಸೇರಿದೆ.

ವಾಶ್‌ಬರ್ನ್ ಮತ್ತೆ ಕಟ್ಟಿದ. ಈ ಸಲ ಕಟ್ಟುವ ಹೊಣೆ ಹೊತ್ತವನು ವಿಲಿಯಂ ಡಿ ಲಾ ಬಾರ್ ಎಂಬ ಆಸ್ಟ್ರಿಯಾದ ಎಂಜಿನಿಯರ್. ಕಲ್ಲುಗಳಿಂದ ಧೂಳು ಎಳೆದುಕೊಳ್ಳುವ ಉಪಕರಣ ಮಾರಲು ಬಂದವನು ಅವನು. ಅವನನ್ನು ವಾಶ್‌ಬರ್ನ್ ಹಂಗೇರಿಗೆ ಕಳಿಸಿದ. ಆಗ ಹಿಟ್ಟಿನ ವಿದ್ಯೆಯಲ್ಲಿ ಬುಡಾಪೆಸ್ಟ್ ಜಗತ್ತಿಗೇ ಮುಂದು. ಅಲ್ಲಿ ಕಲ್ಲಿನ ಬದಲು ಗಟ್ಟಿ ಎರಕದ ಕಬ್ಬಿಣದ ರೋಲರ್‌ಗಳು ಬಂದಿದ್ದವು. ಗಿರಣಿಯವರು ತಮ್ಮ ಗುಟ್ಟು ತೋರಿಸುತ್ತಿರಲಿಲ್ಲ. ಡಿ ಲಾ ಬಾರ್ ಅಲ್ಲೇ ಕೂಲಿಯಾಳಾಗಿ ಸೇರಿ ನೋಡಿಕೊಂಡು ಬಂದ ಅನ್ನುವ ಕಥೆಯಿದೆ.

ರೋಲರ್ ಮಾಡುವ ಕೆಲಸವೇ ಬೇರೆ. ಕಲ್ಲು ಒಂದೇ ಸಲಕ್ಕೆ ಅರೆದುಬಿಡುತ್ತದೆ. ರೋಲರ್ ಜೋಡಿಯಲ್ಲಿ ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುತ್ತದೆ. ಕಾಳು ಮಧ್ಯೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ. ಸಿಪ್ಪೆ ಅಗಲವಾಗಿಯೇ ಉಳಿಯುತ್ತದೆ, ತಿರುಳನ್ನು ಒಂದಾದ ಮೇಲೊಂದು ಜೋಡಿ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯುತ್ತದೆ. ಪ್ರತಿ ಸಲವೂ ಜರಡಿ, ಗಾಳಿ, ಮತ್ತೆ ರೋಲರ್. ಇವತ್ತಿಗೂ ಜಗತ್ತಿನ ದೊಡ್ಡ ಗಿರಣಿಗಳು ಹಿಟ್ಟು ಮಾಡುವುದು ಹೀಗೆಯೇ. ಸುರಕ್ಷತೆಗೂ ಇದು ಒಳ್ಳೆಯದಾಯಿತು. ಕಲ್ಲುಗಳಷ್ಟು ಬಿಸಿಯಿಲ್ಲ, ಕಿಡಿಯ ಭಯ ಕಡಿಮೆ. ಜೊತೆಗೆ ಧೂಳನ್ನು ಹಿಡಿಯುವ ಯಂತ್ರಗಳೂ ಬಂದವು.

1880ರಲ್ಲಿ ಹೊಸ ‘ಎ’ ಮಿಲ್ ಶುರುವಾಯಿತು. ಅದೇ ವರ್ಷ ಸಿನ್ಸಿನಾಟಿಯ ಗಿರಣಿಗಾರರ ಪ್ರದರ್ಶನದಲ್ಲಿ ವಾಶ್‌ಬರ್ನ್ ಹಿಟ್ಟಿಗೆ ಚಿನ್ನದ ಪದಕ ಬಂತು. ‘ಗೋಲ್ಡ್ ಮೆಡಲ್’ ಅನ್ನುವ ಬ್ರ್ಯಾಂಡ್ ಹುಟ್ಟಿದ್ದು ಅಲ್ಲಿಂದ. ಮಿನಿಯಾಪೊಲಿಸ್ ಆ ಹೊತ್ತಿಗೆ ಅಮೆರಿಕದ ಹಿಟ್ಟಿನ ರಾಜಧಾನಿ, ಸುಮಾರು 50 ವರ್ಷ ಆ ಪಟ್ಟ ಬಿಡಲಿಲ್ಲ. ನದಿಯ ಆಚೆ ದಡದಲ್ಲಿ 1881ರಲ್ಲಿ ಪಿಲ್ಸ್‌ಬರಿಯವರು ಇನ್ನೂ ದೊಡ್ಡ ಗಿರಣಿ ಕಟ್ಟಿದರು. 1883ರಲ್ಲಿ ರೈಲಿಗಾಗಿ ಕಲ್ಲಿನ ಕಮಾನಿನ ಸೇತುವೆ ಬಂತು. ‘ಎ’ ಮಿಲ್ ಜೋರಾಗಿ ಓಡುತ್ತಿದ್ದ ಕಾಲದಲ್ಲಿ ದಿನಕ್ಕೆ 1.2 ಕೋಟಿ ಬ್ರೆಡ್ಡಿಗೆ ಸಾಲುವಷ್ಟು ಹಿಟ್ಟು ಬೀಸುತ್ತಿತ್ತು ಅಂತ ಹೇಳುತ್ತಾರೆ. ವಾಶ್‌ಬರ್ನ್ ಇದನ್ನೆಲ್ಲ ಪೂರ್ತಿ ನೋಡಲಿಲ್ಲ, 1882ರಲ್ಲಿ ತೀರಿಕೊಂಡ. ಉಯಿಲಿನಲ್ಲಿ ಅನಾಥ ಮಕ್ಕಳ ಆಶ್ರಮಕ್ಕೆ ಹಣ ಬಿಟ್ಟಿದ್ದ, ಅದು 1886ರಲ್ಲಿ ತೆರೆಯಿತು.

ಇನ್ನು ಹಾಳಾದದ್ದು. ಇದಕ್ಕೆ ಬೆಂಕಿ ಕಾರಣವಲ್ಲ. ವಿದ್ಯುತ್ ಬಂದ ಮೇಲೆ ಗಿರಣಿ ನೀರಿನ ಪಕ್ಕವೇ ಇರಬೇಕು ಅಂತಿರಲಿಲ್ಲ. ನೀರಿನ ಬಲವನ್ನು ತಂತಿಯಲ್ಲಿ ಎಲ್ಲಿಗಾದರೂ ಸಾಗಿಸಬಹುದಿತ್ತು. ಆಮೇಲೆ ಲೆಕ್ಕಕ್ಕೆ ಬಂದದ್ದು ಸಾಗಣೆ ಖರ್ಚು. ರೈಲಿನ ದರಗಳು ಬದಲಾದವು, ಹಿಟ್ಟು ಸಾಗಿಸುವುದಕ್ಕಿಂತ ಗೋಧಿ ಸಾಗಿಸಿ ಕೊಳ್ಳುವವರ ಹತ್ತಿರವೇ ಬೀಸುವುದು ಅಗ್ಗವಾಯಿತು. ನ್ಯೂಯಾರ್ಕ್ ರಾಜ್ಯದ ಬಫಲೋ ಊರಿಗೆ ದೊಡ್ಡ ಸರೋವರಗಳ ಹಡಗಿನಲ್ಲೇ ಗೋಧಿ ಬರುತ್ತಿತ್ತು. ಕೆನಡಾದ ಗೋಧಿಯನ್ನು ಸುಂಕವಿಲ್ಲದೆ ಬೀಸಿ ಹೊರದೇಶಕ್ಕೆ ಕಳಿಸುವ ಸೌಲಭ್ಯವೂ ಇತ್ತು. 1930ರಲ್ಲಿ ಬಫಲೋ ಮುಂದೆ ಹೋಯಿತು. ವಾಶ್‌ಬರ್ನನ ಕಂಪನಿ 1928ರಲ್ಲೇ ಜನರಲ್ ಮಿಲ್ಸ್ ಆಗಿ ಬೆಳೆದಿತ್ತು. ಕಂಪನಿಗೆ ಏನೂ ಆಗಲಿಲ್ಲ, ಹಳೇ ಗಿರಣಿ ಬೇಡವಾಯಿತು ಅಷ್ಟೇ. 1965ರಲ್ಲಿ ಬೆಲ್ಟುಗಳು ನಿಂತವು. 1983ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಆದರೂ ಕಟ್ಟಡ ಖಾಲಿ ಬಿದ್ದಿತ್ತು. 1991ರ ಬೆಂಕಿಯಲ್ಲಿ ಒಳಗಿನದೆಲ್ಲ ಹೋಗಿ ಸುಣ್ಣಕಲ್ಲಿನ ಗೋಡೆಗಳು ನಿಂತವು.

ಆ ಗೋಡೆಗಳನ್ನು ಕೆಡವದೆ ಉಳಿಸಿಕೊಂಡದ್ದು ನನಗೆ ತುಂಬ ಇಷ್ಟವಾದ ವಿಷಯ. 2003ರಲ್ಲಿ ಅವುಗಳ ನಡುವೆಯೇ ಮಿಲ್ ಸಿಟಿ ಮ್ಯೂಸಿಯಂ ಕಟ್ಟಿದರು. ಸುಟ್ಟ ಗುರುತು, ಮುರಿದ ಕಿಟಕಿ ಚೌಕಟ್ಟು ಹಾಗೇ ಇವೆ, ಅವುಗಳ ಹಿಂದೆ ಗಾಜಿನ ಗೋಡೆ.

ಹೋದಾಗ ಮ್ಯೂಸಿಯಂ ಒಳಗೇ ದಿನ ಕಳೆಯಬೇಡಿ. ಕಲ್ಲಿನ ಕಮಾನಿನ ಸೇತುವೆ ಮೇಲೆ ಈಗ ರೈಲಿಲ್ಲ, ನಡೆದು ಹೋಗಬಹುದು. ಅಲ್ಲಿಂದ ತಿರುಗಿ ಗಿರಣಿ ಕಡೆ ನೋಡಿ. ಕೆಳಗೆ ದಡದಲ್ಲಿ ಮಿಲ್ ರುಯಿನ್ಸ್ ಪಾರ್ಕ್ ಇದೆ. ಟರ್ಬೈನ್ ದಾಟಿದ ನೀರು ಹೊರಬರುತ್ತಿದ್ದ ಕಾಲುವೆಗಳನ್ನು ಅಲ್ಲಿ ಅಗೆದು ತೆರೆದಿಟ್ಟಿದ್ದಾರೆ. ಆ ಕಲ್ಲಿನ ಬಾಯಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೆಚ್ಚಿನವರು ಅವನ್ನು ಗಮನಿಸದೆ ಹೋಗುತ್ತಾರೆ. ಸಮಯವಿದ್ದರೆ ಮಗಳಿಗೆ ಲೇಕ್‌ವುಡ್ ಸ್ಮಶಾನಕ್ಕೂ ಕರೆದುಕೊಂಡು ಹೋಗಲು ಹೇಳಿ. ಅಲ್ಲಿ ಆ 18 ಜನರ ಹೆಸರು ಕೆತ್ತಿದ ಕಲ್ಲು ಇದೆ.